ಕೆನಡಾದ ಚಳಿಯಲ್ಲಿ ಒಂಟಿಯಾದ ಮಕ್ಕಳು ಕರ್ಲಿಂಗ್ ಕ್ಲಬ್‌ಗೆ ಹೋಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಈಚೆಗೆ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಹಾಸನ ಕಡೆಯ ತಾಯಿಯೊಬ್ಬರು ಬರೆದದ್ದನ್ನು ಓದಿದೆ. ಅವರ ಮಗ ಕೆನಡಾದ ವಿನಿಪೆಗ್‌ನಲ್ಲಿ ಓದುತ್ತಿದ್ದಾನೆ. ನವೆಂಬರ್ ಬಂತೆಂದರೆ ಅವನಿಗೆ ಕ್ಲಾಸು, ಪಾರ್ಟ್‌ಟೈಮ್ ಕೆಲಸ, ರೂಮು ಇಷ್ಟೇ. ಫೋನಿನಲ್ಲಿ ‘ಹೂಂ, ಚೆನ್ನಾಗಿದ್ದೀನಿ’ ಅನ್ನುವುದು ಬಿಟ್ಟರೆ ಮಾತೇ ಇಲ್ಲ. ಅಂಥ ಚಳಿಯಲ್ಲಿ ಮಕ್ಕಳು ಎಲ್ಲಿಗೆ ಹೋಗಬೇಕು, ಯಾರ ಜೊತೆ ಬೆರೆಯಬೇಕು ಎಂದು ಆ ತಾಯಿ ಕೇಳಿದ್ದರು. ನಾನು ಆ ಪತ್ರ ಓದಿದ್ದು ವಿನಿಪೆಗ್‌ನಲ್ಲೇ ಕೂತು. ಅವರಿಗೆ ಕೊಡಲು ನನ್ನ ಹತ್ತಿರ ಒಂದು ಉತ್ತರ ಇದೆ. ಅವರ ಮಗ ಕರ್ಲಿಂಗ್ ಕ್ಲಬ್‌ಗೆ ಹೋಗಲಿ. ಕರ್ಲಿಂಗ್ ಅಂದರೆ ಐಸ್ ಮೇಲೆ ಕಲ್ಲು ಜಾರಿಸುವ ಆಟ.

ನಾನು ತಿಪಟೂರಿನವಳು. ಇಲ್ಲಿನ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಮಂಗಳವಾರ ರಾತ್ರಿ ನಮ್ಮ ಬಡಾವಣೆಯ ಕ್ಲಬ್‌ನಲ್ಲಿ ಕರ್ಲಿಂಗ್ ಆಡುತ್ತೇನೆ. ಆಟಗಾರ್ತಿ ಅಂತ ಹೇಳಿಕೊಳ್ಳುವಷ್ಟು ದೊಡ್ಡವಳಲ್ಲ. ಆದರೆ ಈ ಊರಿನ ಚಳಿಗಾಲದಲ್ಲಿ ಮನುಷ್ಯರ ಮುಖ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ಇಲ್ಲಿನ ಚಳಿ ಹೇಗಿರುತ್ತದೆ ಎಂದು ಊರಿನಲ್ಲಿರುವವರಿಗೆ ಸ್ವಲ್ಪ ಹೇಳಬೇಕು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಜನವರಿಯಲ್ಲಿ ಮೈನಸ್ 30 ಡಿಗ್ರಿ ಆದರೆ ಯಾರೂ ಆಶ್ಚರ್ಯಪಡುವುದಿಲ್ಲ. ಚಳಿಯನ್ನು ಒಳ್ಳೆಯ ಜಾಕೆಟ್ ತಡೆಯುತ್ತದೆ. ಕಷ್ಟ ಇರುವುದು ಬೀದಿ ಖಾಲಿಯಾಗುವುದರಲ್ಲಿ. ನಮ್ಮ ಕಡೆ ಏನೂ ಕೆಲಸವಿಲ್ಲದಿದ್ದರೂ ಸುಮ್ನೆ ಹೊರಗೆ ಬಂದು ನಿಂತರೆ ಯಾರಾದರೂ ಮಾತಾಡಿಸುತ್ತಾರೆ. ಇಲ್ಲಿ ಹಾಗಲ್ಲ. ಜನ ಇರುತ್ತಾರೆ, ಆದರೆ ಎಲ್ಲರೂ ಒಳಗಿರುತ್ತಾರೆ. ಆ ‘ಒಳಗೆ’ ಎಲ್ಲಿದೆ, ಬಾಗಿಲು ಯಾವುದು ಅಂತ ಹೊಸದಾಗಿ ಬಂದ ಹುಡುಗನಿಗೆ ಯಾರೂ ಹೇಳಿಕೊಡುವುದಿಲ್ಲ.

ಕರ್ಲಿಂಗನ್ನು ನೀವು ಟಿ.ವಿ.ಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯುವಾಗ ನೋಡಿರಬಹುದು. ಒಬ್ಬರು ಐಸ್ ಮೇಲೆ ಮಂಡಿ ಮಡಚಿ ಜಾರುತ್ತಾ ಬಂದು, ಮೇಲೆ ಹಿಡಿಕೆ ಇರುವ ಗುಂಡನೆಯ ಕಲ್ಲನ್ನು ಮೆಲ್ಲಗೆ ಬಿಡುತ್ತಾರೆ. ಇಬ್ಬರು ಉದ್ದನೆಯ ಬ್ರಷ್ ಹಿಡಿದು ಅದರ ಮುಂದೆ ಐಸನ್ನು ಉಜ್ಜುತ್ತಾ ಹೋಗುತ್ತಾರೆ. ಆ ಕೊನೆಯಲ್ಲಿ ನಿಂತವರು ಗಂಟಲು ಹರಿಯುವಂತೆ ಕೂಗುತ್ತಾರೆ. ಐಸ್‌ನ ಹಾದಿಯ ಉದ್ದ ಸುಮಾರು 45 ಮೀಟರ್. ಅಗಲ 5 ಮೀಟರಿಗಿಂತ ಜಾಸ್ತಿ ಇರುವುದಿಲ್ಲ. ಇದನ್ನು ಶೀಟ್ ಅನ್ನುತ್ತಾರೆ. ಎರಡೂ ತುದಿಯಲ್ಲಿ ಐಸ್‌ನ ಕೆಳಗೆ ಒಂದರೊಳಗೊಂದು ಬಣ್ಣದ ವೃತ್ತಗಳನ್ನು ಬಳಿದಿರುತ್ತಾರೆ. ಹೊರಗಿನ ವೃತ್ತ 12 ಅಡಿ ಅಗಲ. ಇದಕ್ಕೆ ಹೌಸ್ ಎಂದು ಹೆಸರು. ಅದರ ನಡು ಚುಕ್ಕೆ ಬಟನ್. ನಿಮ್ಮ ಕಲ್ಲು ಆ ಬಟನ್‌ಗೆ ಎದುರಾಳಿಯ ಕಲ್ಲಿಗಿಂತ ಹತ್ತಿರ ನಿಲ್ಲಬೇಕು. ಆಟ ಅಂದರೆ ಇಷ್ಟೇ.

ಗೋಲಿ ಆಡಿದವರಿಗೆ ಉಳಿದದ್ದನ್ನು ವಿವರಿಸಿ ಹೇಳುವುದೇ ಬೇಡ. ಹತ್ತಿರ ಹೋಗಿ ನಿಲ್ಲುವುದು ಒಂದು ದಾರಿ, ಎದುರಾಳಿಯದನ್ನು ಹೊಡೆದು ಆಚೆ ಕಳಿಸುವುದು ಇನ್ನೊಂದು. ಕರ್ಲಿಂಗ್‌ನಲ್ಲಿ ಮೊದಲಿನದು ಡ್ರಾ, ಎರಡನೆಯದು ಟೇಕೌಟ್. ಇವೆರಡರ ನಡುವೆ ಗಾರ್ಡ್ ಅಂತ ಇದೆ. ನಮ್ಮ ಒಳ್ಳೆಯ ಕಲ್ಲಿಗೆ ಯಾರೂ ನೇರವಾಗಿ ಹೊಡೆಯದ ಹಾಗೆ ಮುಂದೆ ಇನ್ನೊಂದು ಕಲ್ಲನ್ನು ತಂದು ನಿಲ್ಲಿಸುವುದು. ತಂಡದಲ್ಲಿ ನಾಲ್ಕು ಜನ. ಒಬ್ಬೊಬ್ಬರಿಗೆ ಎರಡೆರಡು ಕಲ್ಲು. ಎರಡೂ ತಂಡದ 16 ಕಲ್ಲು ಮುಗಿದರೆ ಒಂದು ಎಂಡ್ ಮುಗಿಯಿತು. ಆಗ ಬಟನ್‌ಗೆ ಅತಿ ಹತ್ತಿರದ ಕಲ್ಲು ಯಾರದೋ ಅವರಿಗೆ ಮಾತ್ರ ಅಂಕ. ಎದುರಾಳಿಯ ಅತ್ಯುತ್ತಮ ಕಲ್ಲಿಗಿಂತ ಒಳಗೆ ಇವರವು ಎಷ್ಟು ಇವೆಯೋ ಅಷ್ಟು ಅಂಕ. ಇನ್ನೊಬ್ಬರಿಗೆ ಸೊನ್ನೆ. ದೊಡ್ಡ ಟೂರ್ನಿಗಳಲ್ಲಿ 10 ಎಂಡ್, ನಮ್ಮಂಥ ಕ್ಲಬ್‌ಗಳಲ್ಲಿ ಸಾಮಾನ್ಯವಾಗಿ 8. ಎರಡು ಗಂಟೆ ಹಿಡಿಯುತ್ತದೆ. ಎಂಡ್‌ನ ಕೊನೆಯ ಕಲ್ಲಿಗೆ ಹ್ಯಾಮರ್ ಎನ್ನುತ್ತಾರೆ. ಅದು ಕೈಯಲ್ಲಿರುವುದು ದೊಡ್ಡ ಬಲ. ಒಂದು ಎಂಡ್‌ನಲ್ಲಿ ಅಂಕ ಪಡೆದ ತಂಡ ಮುಂದಿನ ಎಂಡ್‌ನ ಹ್ಯಾಮರನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಹಾಗಾಗಿ ಹಿಂದೆ ಬಿದ್ದವರಿಗೂ ಪ್ರತಿ ಸಲ ಅವಕಾಶ ಇದ್ದೇ ಇರುತ್ತದೆ.

ಆ ಕಲ್ಲಿನ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅದು ಅಪ್ಪಟ ಗ್ರಾನೈಟ್. ನಿಯಮದ ಪ್ರಕಾರ ತೂಕ 20 ಕೆ.ಜಿ. ದಾಟಬಾರದು. ಒಲಿಂಪಿಕ್ಸ್‌ನ ಕಲ್ಲುಗಳೆಲ್ಲ ಸ್ಕಾಟ್ಲೆಂಡಿನ ಐಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ ಕಲ್ಲಿನಿಂದ ಆಗುತ್ತವೆ. ಈಗ ಅಲ್ಲಿ ಜನವಸತಿ ಇಲ್ಲ, ಕಡಲ ಹಕ್ಕಿಗಳಿಗೆ ಬಿಟ್ಟ ಜಾಗ ಅದು. ಸಿಡಿಮದ್ದು ಹಾಕುವ ಹಾಗಿಲ್ಲ. ಹಿಂದೆ ಒಡೆದು ಬಿದ್ದಿರುವ ಬಂಡೆಗಳನ್ನು ಅಪರೂಪಕ್ಕೊಮ್ಮೆ ಹೋಗಿ ದೋಣಿಯಲ್ಲಿ ತರುತ್ತಾರೆ. ಹತ್ತಿರದ ಮಾಕ್‌ಲಿನ್ ಎಂಬ ಊರಿನಲ್ಲಿ ಕೇಸ್ ಎಂಬ ಕಂಪನಿ ಅದನ್ನು ಕಡೆದು ನಯಮಾಡುತ್ತದೆ. 1851ರಿಂದ ಅವರದು ಇದೇ ಕೆಲಸ. ಆ ದ್ವೀಪದ ಒಂದು ಜಾತಿಯ ಗ್ರಾನೈಟ್ ನೀರನ್ನು ಹೀರುವುದೇ ಇಲ್ಲ ಅನ್ನುವಷ್ಟು ಬಿಗಿ. ನೀರು ಒಳಹೊಕ್ಕು ಹೆಪ್ಪುಗಟ್ಟಿದರೆ ಕಲ್ಲಿನ ತಳ ಚಕ್ಕೆ ಏಳುತ್ತದೆ ಅಲ್ವಾ? ಇದರಲ್ಲಿ ಆ ಭಯವಿಲ್ಲ. ಅದಕ್ಕೇ ಐಸ್ ಮುಟ್ಟುವ ತಳಕ್ಕೆ ಅದನ್ನು ಇಡುತ್ತಾರೆ. ಡಿಕ್ಕಿ ತಾಳಿಕೊಳ್ಳುವ ಇನ್ನೊಂದು ಜಾತಿಯ ಗ್ರಾನೈಟನ್ನು ಕಲ್ಲಿನ ಮೈಗೆ ಬಳಸುತ್ತಾರೆ.

ಐಸ್ ಕೂಡ ಸ್ಕೇಟಿಂಗ್‌ನ ಐಸ್ ಹಾಗೆ ನುಣುಪಾಗಿ ಇರುವುದಿಲ್ಲ. ಆಟಕ್ಕೆ ಮುಂಚೆ ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡವರೊಬ್ಬರು ಹಿಂದೆ ಹಿಂದೆ ನಡೆಯುತ್ತಾ ಹನಿ ಚಿಮುಕಿಸುತ್ತಾರೆ. ಆ ಹನಿಗಳು ಬಿದ್ದಲ್ಲೇ ಗಟ್ಟಿಯಾಗಿ ಸಣ್ಣ ಸಣ್ಣ ಗುಳ್ಳೆಗಳಾಗುತ್ತವೆ. ಇದಕ್ಕೆ ಪೆಬಲ್ ಅನ್ನುತ್ತಾರೆ. ಕಲ್ಲಿನ ತಳ ತಗ್ಗಾಗಿರುತ್ತದೆ. ಐಸ್ ಮುಟ್ಟುವುದು ಬಳೆಯಂಥ ಕಿರಿದಾದ ಅಂಚು ಮಾತ್ರ. ಆ ಅಂಚು ಈ ಗುಳ್ಳೆಗಳ ತಲೆಯ ಮೇಲೆ ಸಾಗುತ್ತದೆ. ನುಣುಪಾದ ಐಸ್ ಮೇಲೆ ಬಿಟ್ಟರೆ ಅಷ್ಟು ಭಾರದ ಕಲ್ಲು ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ಬಿಡುವಾಗ ಹಿಡಿಕೆಯನ್ನು ಗಡಿಯಾರದ ಹತ್ತು ಗಂಟೆಯ ಕಡೆಯಿಂದಲೋ ಎರಡು ಗಂಟೆಯ ಕಡೆಯಿಂದಲೋ ಹನ್ನೆರಡರ ಕಡೆಗೆ ಸ್ವಲ್ಪ ತಿರುಗಿಸಬೇಕು. ಕಲ್ಲು ನಿಧಾನವಾಗಿ ತಿರುಗುತ್ತಾ ಕೊನೆಕೊನೆಗೆ ಒಂದು ಕಡೆಗೆ ಬಾಗುತ್ತದೆ. ಹೀಗೆ ಏಕೆ ಬಾಗುತ್ತದೆ ಎಂಬುದರ ಬಗ್ಗೆ ಭೌತವಿಜ್ಞಾನಿಗಳು ಇವತ್ತಿಗೂ ವಾದ ಮಾಡುತ್ತಿದ್ದಾರೆ. ಉಜ್ಜುವವರು ಐಸನ್ನು ಒಂಚೂರು ಬಿಸಿಮಾಡಿ ತಿಕ್ಕಾಟ ಕಡಿಮೆ ಮಾಡುತ್ತಾರೆ. ಆಗ ಕಲ್ಲು ಇನ್ನಷ್ಟು ದೂರ ಹೋಗುತ್ತದೆ, ಬಾಗುವುದೂ ಕಡಿಮೆ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಒಂಟಿಯಾದ ಹುಡುಗನಿಗೆ ಜಿಮ್, ಓಟ, ಈಜು ಬಿಟ್ಟು ಇದೇ ಏಕೆ? ಜಿಮ್‌ಗೆ ಹೋದವರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಯಾರ ಜೊತೆಯೂ ಮಾತಾಡದೆ ವಾಪಸ್ ಬರಬಹುದು. ಕರ್ಲಿಂಗ್‌ನಲ್ಲಿ ಅದು ಸಾಧ್ಯವಿಲ್ಲ. ತಂಡದ ನಾಯಕರಿಗೆ ಸ್ಕಿಪ್ ಅನ್ನುತ್ತಾರೆ. ಅವರು ಆ ತುದಿಯ ಹೌಸ್‌ನಲ್ಲಿ ನಿಂತಿರುತ್ತಾರೆ. ಕಲ್ಲಿನ ದಾರಿ ಸರಿ ಇದೆಯೇ ಎಂದು ಕಾಣುವುದು ಅವರಿಗೆ. ಕಲ್ಲಿನ ವೇಗ ಗೊತ್ತಾಗುವುದು ಪಕ್ಕದಲ್ಲಿ ನಡೆಯುತ್ತಿರುವ ಉಜ್ಜುವವರಿಗೆ. ಇಬ್ಬರಿಗೂ ಅರ್ಧರ್ಧ ವಿಷಯ ಮಾತ್ರ ಗೊತ್ತು. ಕೂಗಿ ಹೇಳಿಕೊಳ್ಳದಿದ್ದರೆ ಕಲ್ಲು ಹಾಳಾಯಿತು. ಹೊಸಬರನ್ನು ಸಾಮಾನ್ಯವಾಗಿ ಲೀಡ್ ಮಾಡುತ್ತಾರೆ, ಅಂದರೆ ಮೊದಲ ಎರಡು ಕಲ್ಲು ಬಿಡುವವರು. ಉಳಿದ ಆರು ಕಲ್ಲಿಗೂ ಉಜ್ಜುವ ಕೆಲಸ ಅವರದೇ. ಹಾಗಾಗಿ ಎರಡು ಗಂಟೆ ಪೂರ್ತಿ ಅವರು ಯಾರೊಡನೆಯಾದರೂ ಮಾತಿನಲ್ಲಿರುತ್ತಾರೆ. ಇಂಗ್ಲಿಷ್ ಉಚ್ಚಾರದ ಸಂಕೋಚ ಇರುವವರಿಗೂ ಇದು ಸುಲಭ. ‘ಹೆವಿ’ (ಕಲ್ಲಿನ ವೇಗ ಜಾಸ್ತಿ), ‘ಲೈಟ್’ (ವೇಗ ಕಡಿಮೆ), ‘ಸ್ವೀಪ್’ (ಉಜ್ಜಿ), ‘ಹಾರ್ಡ್’ (ಜೋರಾಗಿ ಉಜ್ಜಿ), ‘ವೋ’ (ಉಜ್ಜುವುದು ನಿಲ್ಲಿಸಿ) — ಇಷ್ಟು ಗೊತ್ತಿದ್ದರೆ ಮೊದಲ ರಾತ್ರಿ ಸಾಕು. ಯಾರ ಜೊತೆಯೂ ಮಾತಾಡದ ಹುಡುಗ ಕೂಡ ಇಲ್ಲಿ ಕೂಗಲೇಬೇಕಾಗುತ್ತದೆ. ಹಾಗೆ ಕೂಗಿದವನಿಗೆ ಆಮೇಲೆ ಮಾತಾಡುವುದು ಕಷ್ಟವಾಗುವುದಿಲ್ಲ. ಇದನ್ನು ನಮ್ಮ ಕ್ಲಬ್‌ನಲ್ಲಿ ನಾನು ಮತ್ತೆ ಮತ್ತೆ ನೋಡಿದ್ದೇನೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಆಟ ಶುರುವಾಗುವ ಮುಂಚೆ ಎಂಟೂ ಜನ ಪರಸ್ಪರ ಕೈಕುಲುಕಿ ‘ಗುಡ್ ಕರ್ಲಿಂಗ್’ ಎಂದು ಹಾರೈಸುತ್ತಾರೆ. ಮುಗಿದ ಮೇಲೆ ಮತ್ತೆ ಕೈಕುಲುಕುತ್ತಾರೆ. ಆಮೇಲೆ ಯಾರೂ ಮನೆಗೆ ಓಡುವುದಿಲ್ಲ. ಎರಡೂ ತಂಡ ಒಂದೇ ಮೇಜಿಗೆ ಕೂರುತ್ತವೆ. ಗೆದ್ದವರು ಸೋತವರಿಗೆ ಕುಡಿಯಲು ಏನಾದರೂ ಕೊಡಿಸುತ್ತಾರೆ. ಹಿಂದಿನ ಕಾಲದಲ್ಲಿ ಆಟದ ನಡುವೆಯೇ ಪೊರಕೆಗಳನ್ನು ಒಂದೆಡೆ ಒರಗಿಸಿಟ್ಟು ಬೆಂಕಿ ಪಕ್ಕ ಕೂತು ಕುಡಿಯುತ್ತಿದ್ದರು, ಅಲ್ಲಿಂದ ಬಂದ ಪದ್ಧತಿ ಇದು ಅನ್ನುತ್ತಾರೆ. ಊರಿನ ಅಪ್ಪ ಅಮ್ಮಂದಿರು ‘ಕುಡಿಯಲು’ ಎಂದ ಕೂಡಲೇ ಗಾಬರಿಯಾಗಬೇಡಿ. ಬಹಳ ಜನ ಬಿಯರ್ ತೆಗೆದುಕೊಳ್ಳುತ್ತಾರೆ, ಅದು ನಿಜ. ನಾನು ಯಾವಾಗಲೂ ಕಾಫಿ ಅಥವಾ ಹಾಟ್ ಚಾಕೊಲೇಟ್ ತೆಗೆದುಕೊಳ್ಳುತ್ತೇನೆ. ಇವತ್ತಿನವರೆಗೆ ಯಾರೂ ‘ಏಕೆ’ ಎಂದು ಕೇಳಿಲ್ಲ. ಕೂರುವುದು ಮುಖ್ಯ. ಅಲ್ಲಿ ನಡೆಯುವ ಮಾತು ಬಹಳ ಸಾಧಾರಣ. ಯಾರ ಕಾರು ಸ್ಟಾರ್ಟ್ ಆಗಲಿಲ್ಲ, ಯಾವ ಬಾಡಿಗೆ ಮನೆ ಖಾಲಿ ಇದೆ, ಯಾವ ಕಡೆ ಕೆಲಸಕ್ಕೆ ಜನ ಬೇಕಂತೆ. ಒಬ್ಬ ವಿದ್ಯಾರ್ಥಿಗೆ ಇದೆಲ್ಲ ಬೇಕಾದ ವಿಷಯ ಅಲ್ವಾ?

ಕಳೆದ ಫೆಬ್ರವರಿಯ ಒಂದು ಆಟವನ್ನು ಹೇಳಬೇಕು. ಕೊನೆಯ ಎಂಡ್, ಎರಡೂ ತಂಡಕ್ಕೆ ಸಮ ಅಂಕ. ಎದುರಾಳಿಗಳ ಹತ್ತಿರ ಹ್ಯಾಮರ್. ಅವರ ಸ್ಕಿಪ್ ಬಿಟ್ಟ ಕಲ್ಲು ನಮ್ಮ ಗಾರ್ಡ್ ದಾಟಿ ಬಾಗುತ್ತಾ ಹೌಸ್‌ನೊಳಗೆ ಬಂದು ನಮ್ಮದಕ್ಕಿಂತ ಒಳಗೆ ನಿಂತಿತು. ಅವರು ಗೆದ್ದರು ಎಂದೇ ಎಲ್ಲರೂ ತಿಳಿದೆವು. ಆಗ ಅವರ ಕಡೆ ಉಜ್ಜುತ್ತಿದ್ದ ಲಾರಿ ಡ್ರೈವರ್ ಒಬ್ಬರು ಕೈ ಎತ್ತಿದರು. ‘ನನ್ನ ಬ್ರಷ್ ಕಲ್ಲಿಗೆ ತಗುಲಿತು’ ಅಂದರು. ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಕರ್ಲಿಂಗ್‌ನಲ್ಲಿ ಚಲಿಸುವ ಕಲ್ಲನ್ನು ಮುಟ್ಟುವುದು ತಪ್ಪು. ಹೌಸ್‌ಗಿಂತ ಮುಂಚೆ ಸಿಗುವ ಗೆರೆಯನ್ನು ಕಲ್ಲು ದಾಟಿದ ಮೇಲೆ ಹೀಗಾದರೆ ಕಲ್ಲುಗಳೆಲ್ಲ ನಿಂತ ಬಳಿಕ ಏನು ಮಾಡಬೇಕೆಂದು ಎದುರು ತಂಡ ತೀರ್ಮಾನಿಸುತ್ತದೆ. ಆ ಕಲ್ಲನ್ನು ತೆಗೆಯಬಹುದು, ಇದ್ದ ಹಾಗೇ ಬಿಡಬಹುದು. ತೆಗೆದರೆ ನಾವು ಗೆಲ್ಲುತ್ತಿದ್ದೆವು. ನಮ್ಮ ಸ್ಕಿಪ್ ಎಪ್ಪತ್ತು ದಾಟಿದ ಹೆಂಗಸು. ಹೊಲಮನೆಯಲ್ಲಿ ಬೆಳೆದು, ಹುಡುಗಿಯಾಗಿದ್ದಾಗಿನಿಂದ ಆಡುತ್ತಾ ಬಂದವರು. ಅವರು ಕಲ್ಲನ್ನು ನೋಡಿದರು, ಬಂದ ದಾರಿಯನ್ನು ನೋಡಿದರು. ‘ತಗುಲದಿದ್ದರೂ ಅದು ಇಲ್ಲಿಗೇ ಬರುತ್ತಿತ್ತು, ಬಿಡಿ’ ಅಂದರು. ನಾವು ಒಂದು ಅಂಕದಿಂದ ಸೋತೆವು. ಆ ಡ್ರೈವರ್ ನಮಗೆಲ್ಲ ಕಾಫಿ ತಂದುಕೊಟ್ಟರು.

ಅಲ್ಲಿ ಅಂಪೈರ್ ಇರಲಿಲ್ಲ. ಕ್ಲಬ್ ಆಟಗಳಲ್ಲಿ ಅಂಪೈರ್ ಇರುವುದೇ ಇಲ್ಲ. ತನ್ನ ತಪ್ಪನ್ನು ತಾನೇ ಹೇಳಬೇಕು ಎಂಬುದು ಈ ಆಟದ ನಿಯಮ ಪುಸ್ತಕದ ಜೊತೆಗೇ ಬಂದಿರುವ ಮಾತು. ಪ್ರತಿ ಎಂಡ್ ಮುಗಿದಾಗ ಎರಡೂ ತಂಡದ ಉಪನಾಯಕರು ಹೌಸ್‌ನಲ್ಲಿ ನಿಂತು ಯಾರ ಕಲ್ಲು ಹತ್ತಿರ ಎಂದು ಒಪ್ಪಿಕೊಳ್ಳುತ್ತಾರೆ. ಅನುಮಾನ ಬಂದರೆ ಅಳತೆಯ ಕೋಲು ತರುತ್ತಾರೆ. ಎದುರಾಳಿಯ ಕಲ್ಲು ಕೆಟ್ಟರೆ ಚಪ್ಪಾಳೆ ತಟ್ಟುವುದಿಲ್ಲ, ಚೆನ್ನಾಗಿ ಬಿಟ್ಟರೆ ಬ್ರಷ್‌ನಿಂದ ಐಸ್ ತಟ್ಟಿ ಮೆಚ್ಚುತ್ತಾರೆ. ಪರದೇಶಕ್ಕೆ ಹೊಸದಾಗಿ ಹೋದ ಮಕ್ಕಳಿಗೆ ಇಂಥ ಜನರ ನಡುವೆ ಒಂದು ಸಂಜೆ ಸಿಕ್ಕರೆ ಆ ಊರಿನ ಮೇಲೆ ನಂಬಿಕೆ ಬರುತ್ತದೆ. ನನಗೆ ಬಂದದ್ದು ಹಾಗೆಯೇ.

ಇದು ಅಲ್ಲಿನವರ ಆಟ, ನಮ್ಮನ್ನು ಸೇರಿಸಿಕೊಳ್ಳುತ್ತಾರೋ ಇಲ್ಲವೋ ಅಂತ ನಮ್ಮ ಹುಡುಗರು ಹಿಂಜರಿಯುತ್ತಾರೆ. ಕರ್ಲಿಂಗ್ ಕೆನಡಾಕ್ಕೂ ವಲಸೆ ಬಂದ ಆಟವೇ. ಸ್ಕಾಟ್ಲೆಂಡಿನಲ್ಲಿ 1511 ಎಂದು ಕೆತ್ತಿದ ಕರ್ಲಿಂಗ್ ಕಲ್ಲು ಸಿಕ್ಕಿದೆ. ಅಲ್ಲಿಂದ ಹೊರಟು ಬಂದವರು 1807ರಲ್ಲಿ ಮಾಂಟ್ರಿಯಲ್‌ನಲ್ಲಿ ಕ್ಲಬ್ ಕಟ್ಟಿದರು. ನಿಯಮಗಳನ್ನು ಒಂದು ಹದಕ್ಕೆ ತಂದ ಸ್ಕಾಟ್ಲೆಂಡಿನ ದೊಡ್ಡ ಕ್ಲಬ್ ಎಡಿನ್‌ಬರೋದಲ್ಲಿ ಶುರುವಾಗಿದ್ದು 1838ರಲ್ಲಿ. ಅಂದರೆ ಮಾಂಟ್ರಿಯಲ್ ಕ್ಲಬ್ ಅದಕ್ಕಿಂತ ಹಳೆಯದು. ವಿನಿಪೆಗ್‌ನ ಗ್ರಾನೈಟ್ ಕ್ಲಬ್ 1880ರದು. ಅಸಿನಿಬೋಯಿನ್ ನದಿಯ ದಡದಲ್ಲಿ ಅದರ ಹಳೆಯ ಕಟ್ಟಡ ಈಗಲೂ ಇದೆ. ಊರು ಬಿಟ್ಟು ಬಂದವರಿಗೆ ಬಯಲಿನ ಉದ್ದನೆಯ ಚಳಿಗಾಲದಲ್ಲಿ ಒಟ್ಟಿಗೆ ಸೇರಲು ಏನಾದರೂ ಬೇಕಿತ್ತು. ಅವರು ಇದನ್ನು ಹಿಡಿದುಕೊಂಡರು. ಆಮೇಲೆ ಬಂದ ಉಕ್ರೇನಿನವರು, ಐಸ್‌ಲ್ಯಾಂಡಿನವರು, ಜರ್ಮನ್ನರು ಎಲ್ಲರೂ ಇದನ್ನು ಕಲಿತರು. ವಿನಿಪೆಗ್ ಇರುವ ಈ ಮನಿಟೋಬಾ ಪ್ರಾಂತ್ಯದಲ್ಲಿ ಇದು ಎಷ್ಟು ಬೇರು ಬಿಟ್ಟಿದೆ ಅಂದರೆ, 1988ರಲ್ಲಿ ಇಲ್ಲಿನ ಹಳೆಯ ಟೂರ್ನಿಯೊಂದಕ್ಕೆ 1,280 ತಂಡಗಳು ಬಂದಿದ್ದವು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಒಂದೂ ಆಟ ಸೋಲದೆ ಚಿನ್ನ ಗೆದ್ದ ಜೆನಿಫರ್ ಜೋನ್ಸ್ ತಂಡ ವಿನಿಪೆಗ್‌ನದೇ.

ಕರ್ಲಿಂಗ್ ಈಗ ಕೆನಡಾ, ಸ್ಕಾಟ್ಲೆಂಡ್ ಎರಡೇ ದೇಶದ್ದಾಗಿ ಉಳಿದಿಲ್ಲ. ದಕ್ಷಿಣ ಕೊರಿಯಾದಲ್ಲಿ ಉಯಿಸಿಯೊಂಗ್ ಎಂಬ ಊರಿದೆ. ಅದು ಬೆಳ್ಳುಳ್ಳಿಗೆ ಹೆಸರಾದ ಊರು. 2006ರಲ್ಲಿ ಅಲ್ಲಿ ಕರ್ಲಿಂಗ್ ಕೇಂದ್ರ ಆಯಿತು. ಶಾಲೆಯ ಹುಡುಗಿಯರು ಅಲ್ಲಿಗೆ ಹೋಗಿ ಆಡತೊಡಗಿದರು. 2018ರ ಪ್ಯೋಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಆ ಊರಿನಲ್ಲಿ ಆಟ ಕಲಿತ ತಂಡ ಮೊದಲ ಪಂದ್ಯದಲ್ಲೇ ಕೆನಡಾವನ್ನು ಸೋಲಿಸಿತು, ಕೊನೆಗೆ ಬೆಳ್ಳಿ ಗೆದ್ದಿತು. ಪೀಳಿಗೆಯಿಂದ ಬಂದ ಆಟವೇನೂ ಅವರದಾಗಿರಲಿಲ್ಲ. ಹತ್ತಿರದಲ್ಲಿ ಐಸ್ ಸಿಕ್ಕಿತು, ಕಲಿತರು.

ಕೆಲವರು ಮೈಗೆ ಆಗುತ್ತದೋ ಇಲ್ಲವೋ ಎಂದು ಹೆದರುತ್ತಾರೆ. 20 ಕೆ.ಜಿ. ಕಲ್ಲು ಎಂದು ಕೇಳಿ ನನ್ನ ನಾದಿನಿಯೂ ಹೆದರಿದ್ದರು. ಆಟದಲ್ಲಿ ಕಲ್ಲನ್ನು ಎತ್ತುವುದೇ ಇಲ್ಲ. ಅದು ಐಸ್ ಮೇಲೇ ಇರುತ್ತದೆ, ನಾವು ಜಾರಿಸುತ್ತೇವೆ. ಬಲ ಬರುವುದು ತೋಳಿನಿಂದ ಅಲ್ಲ, ಹ್ಯಾಕ್ ಎಂಬ ರಬ್ಬರ್ ಮೆಟ್ಟನ್ನು ಒದ್ದು ಮುಂದೆ ಜಾರುವ ಕಾಲಿನಿಂದ. ಮಂಡಿ ನೋವಿರುವವರು ಬಗ್ಗಬೇಕಾಗಿಲ್ಲ. ಕಲ್ಲಿನ ಹಿಡಿಕೆಗೆ ಸಿಕ್ಕಿಸುವ ಉದ್ದ ಕೋಲು ಇದೆ, ನಿಂತುಕೊಂಡೇ ತಳ್ಳಬಹುದು. ನಾದಿನಿ ಹಾಗೆಯೇ ಆಡುತ್ತಾರೆ. ಗಾಲಿಕುರ್ಚಿಯಲ್ಲಿರುವವರಿಗೂ ಈ ಆಟ ಇದೆ. 2006ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಅದರಲ್ಲಿ ಉಜ್ಜುವಂತಿಲ್ಲ, ಬಿಟ್ಟ ಕಲ್ಲು ಬಿಟ್ಟ ಹಾಗೆಯೇ ಹೋಗಬೇಕು. ಅಷ್ಟು ಕರಾರುವಾಕ್ಕಾಗಿ ಬಿಡಬೇಕು. ನನ್ನ ಪ್ರಕಾರ ಕರ್ಲಿಂಗ್‌ನಲ್ಲಿ ಅತಿ ಕಷ್ಟದ್ದು ಅದೇ. ಗಂಡಸರು, ಹೆಂಗಸರು ಒಂದೇ ತಂಡದಲ್ಲಿ ಆಡುವುದೂ ಸಾಮಾನ್ಯ. ಒಬ್ಬ ಗಂಡು, ಒಬ್ಬ ಹೆಣ್ಣು ಸೇರಿ ಆಡುವ ಮಿಕ್ಸೆಡ್ ಡಬಲ್ಸ್ 2018ರಿಂದ ಒಲಿಂಪಿಕ್ಸ್‌ನಲ್ಲೂ ಇದೆ.

ಬೀಳುವ ಭಯ ಮಾತ್ರ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಒಂದು ಕಾಲಿಗೆ ಸ್ಲೈಡರ್ ಎಂಬ ಬಹಳ ನುಣುಪಾದ ತಳ, ಇನ್ನೊಂದಕ್ಕೆ ಹಿಡಿತ ಕೊಡುವ ರಬ್ಬರ್ ಇರುತ್ತದೆ. ಐಸ್‌ಗೆ ಇಳಿಯುವಾಗ ರಬ್ಬರ್ ಇರುವ ಕಾಲನ್ನೇ ಮೊದಲು ಇಡಬೇಕು. ಕಲ್ಲಿನ ಮೇಲೆ ದಾಟಿ ಹೋಗಬಾರದು, ಬಳಸಿ ಹೋಗಬೇಕು. ನೋಡದೆ ಹಿಂದೆ ಹಿಂದೆ ನಡೆಯಬಾರದು. ಹೊಸಬರು ತಲೆಗೆ ಹೆಲ್ಮೆಟ್ ಹಾಕಿಕೊಳ್ಳಲಿ. ಐಸ್ ಬಹಳ ಗಟ್ಟಿ, ತಲೆ ಹಿಂದಕ್ಕೆ ಬಡಿದರೆ ಅಪಾಯ. ಯಾರಾದರೂ ನಗುತ್ತಾರೆಂದು ಬಿಡಬೇಡಿ. ಅಪ್ಪ ಅಮ್ಮಂದಿರು ಫೋನಿನಲ್ಲಿ ಈ ಒಂದು ಮಾತನ್ನು ಒತ್ತಿ ಹೇಳಿ.

ಖರ್ಚಿನ ವಿಷಯ. ಕಲ್ಲುಗಳು ಕ್ಲಬ್‌ನವು, ಯಾರೂ ಕೊಳ್ಳುವುದಿಲ್ಲ. ನಮ್ಮ ಕ್ಲಬ್‌ನಲ್ಲಿ ಹೊಸಬರಿಗೆ ಬ್ರಷ್, ಸ್ಲೈಡರ್ ಎರವಲು ಕೊಡುತ್ತಾರೆ. ಬೇಕಾಗಿರುವುದು ಮಂಡಿ ಮಡಚಲು ಬರುವಂಥ ಪ್ಯಾಂಟು, ಒಂದು ಸ್ವೆಟರ್, ಬೀದಿಯ ಉಪ್ಪು, ಮಣ್ಣು ಮೆತ್ತದ ಶೂ. ಶೂ ಬಗ್ಗೆ ಕ್ಲಬ್‌ನವರು ಬಹಳ ಕಟ್ಟುನಿಟ್ಟು. ಕಲ್ಲಿನ ದಾರಿಯಲ್ಲಿ ಒಂದು ಮರಳಿನ ಕಣ ಬಿದ್ದಿದ್ದರೂ ಆಟ ಕೆಡುತ್ತದೆ. ಆಡುವ ಶೂ ಚೀಲದಲ್ಲಿ ತಂದು ಅಲ್ಲೇ ಬದಲಿಸಬೇಕು. ಲೀಗ್‌ನ ಶುಲ್ಕ ಇಡೀ ಸೀಸನ್‌ಗೆ ಒಂದೇ ಸಲ ಕಟ್ಟುವುದು. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯೇ ಎಂದು ಕೇಳಲು ನಾಚಿಕೆ ಬೇಡ.

ಐಸ್ ಹಾಕುವುದು ಶರತ್ಕಾಲದಲ್ಲಿ. ಮಾರ್ಚ್ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಅಂದರೆ ಕ್ಲಬ್‌ಗಳು ಹೊಸಬರನ್ನು ಕರೆಯುವ ಕಾಲ. ‘ಲರ್ನ್ ಟು ಕರ್ಲ್’ ಅಂತ ಕಲಿಕೆಯ ತರಗತಿ ಇರುತ್ತದೆ. ಇದಕ್ಕೆ ಸೇರುವುದೇ ಸರಿಯಾದ ದಾರಿ. ತಂಡ ಇಲ್ಲದೆ ಒಬ್ಬರೇ ಹೆಸರು ಕೊಡಬಹುದು, ಅವರೇ ಯಾವುದಾದರೂ ತಂಡಕ್ಕೆ ಸೇರಿಸುತ್ತಾರೆ. ಅಕ್ಟೋಬರ್ ದಾಟಿಹೋಗಿದ್ದರೂ ಚಿಂತೆಯಿಲ್ಲ. ಪ್ರತಿ ಕ್ಲಬ್‌ನಲ್ಲೂ ಸ್ಪೇರ್ ಪಟ್ಟಿ ಅಂತ ಒಂದು ಇರುತ್ತದೆ. ಯಾರಿಗೋ ಜ್ವರ, ಯಾರಿಗೋ ನೈಟ್ ಶಿಫ್ಟ್ ಬಂದಾಗ ಆ ಪಟ್ಟಿ ನೋಡಿ ಫೋನ್ ಮಾಡುತ್ತಾರೆ. ಹೆಸರು ಬರೆಸಿ ಬಂದರೆ ಸಾಕು. ಚಳಿ ಜಾಸ್ತಿಯಾದಷ್ಟೂ ಜನ ತಪ್ಪಿಸಿಕೊಳ್ಳುತ್ತಾರೆ, ಫೋನ್ ಬರುವುದೂ ಜಾಸ್ತಿ.

ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ವಿದೇಶಕ್ಕೆ ಓದಲು ಹೋಗುವ ಮಕ್ಕಳಿಗಾಗಿ ನೀವು ಪ್ರತಿ ವರ್ಷ ಲೇಖನ ಕೊಡುತ್ತೀರಿ. ವೀಸಾ, ಬ್ಯಾಂಕ್ ಸಾಲ, ಭಾಷಾ ಪರೀಕ್ಷೆ, ಯಾವ ಜಾಕೆಟ್ ಕೊಳ್ಳಬೇಕು ಎಲ್ಲ ಇರುತ್ತದೆ. ಅದೆಲ್ಲ ಬೇಕು. ಅದರ ಜೊತೆ ಹೋದ ಊರಿನಲ್ಲಿ ಸಂಜೆ ಆರು ಗಂಟೆಗೆ ಏನು ಮಾಡಬೇಕು ಎಂಬುದನ್ನೂ ಬರೆಸಿ. ಊರಿಂದ ಊರಿಗೆ ಅದು ಬೇರೆ ಬೇರೆ. ಅಲ್ಲಲ್ಲಿ ನೆಲೆಸಿರುವ ಕನ್ನಡದವರನ್ನು ಕೇಳಿದರೆ ಅವರೇ ಬರೆದುಕೊಡುತ್ತಾರೆ. ಇಲ್ಲಿ ನಮ್ಮವರು ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುತ್ತೇವೆ, ಊಟ ಮಾಡುತ್ತೇವೆ. ಬಹಳ ಸಂತೋಷ. ಆದರೆ ಅದು ವರ್ಷದಲ್ಲಿ ಎಲ್ಲೋ ಕೆಲವು ದಿನ. ಮಕ್ಕಳು ಕುಗ್ಗುವುದು ಉಳಿದ ವಾರಗಳಲ್ಲಿ. ಆ ವಾರಗಳಿಗೆ ಸ್ಥಳೀಯರ ಜೊತೆಗಿನ ಒಂದು ನಂಟು ಬೇಕೇ ಬೇಕು. ಕನ್ನಡ ಕೂಟ ನಡೆಸುವವರಿಗೂ ಇದನ್ನೇ ಹೇಳುತ್ತಿದ್ದೇನೆ. ಒಂದು ಶನಿವಾರ ಒಂದು ಶೀಟ್ ಬಾಡಿಗೆಗೆ ಹಿಡಿದು ಹೊಸ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿ. ಕಲಿಸಲು ಕ್ಲಬ್‌ನವರೇ ಖುಷಿಯಿಂದ ಬರುತ್ತಾರೆ.

ಹಾಸನದ ಆ ತಾಯಿಗೆ ಕೊನೆಯದಾಗಿ ಒಂದು ಮಾತು. ನಮ್ಮ ಮಂಗಳವಾರದ ತಂಡದಲ್ಲಿ ಸೆಕೆಂಡ್ ಆಡುವವರಿಗೆ, ಅಂದರೆ ಲೀಡ್ ಆದ ಮೇಲೆ ಕಲ್ಲು ಬಿಡುವವರಿಗೆ, ಭುಜಕ್ಕೆ ಆಪರೇಷನ್ ಆಗಿದೆ, ಅವರು ಜನವರಿಯವರೆಗೆ ಬರುವುದಿಲ್ಲ. ನಮಗೆ ಉಜ್ಜಲು ಒಬ್ಬರು ಬೇಕು. ನಿಮ್ಮ ಮಗನಿಗೆ ಆಟ ಗೊತ್ತಿರಬೇಕಾಗಿಲ್ಲ, ಹೇಳಿಕೊಡುತ್ತೇವೆ. ನನ್ನ ಹೆಸರು, ಫೋನ್ ನಂಬರ್ ಪತ್ರಿಕೆಯವರ ಹತ್ತಿರ ಇದೆ. ಅದನ್ನು ಆ ತಾಯಿಗೆ ತಲುಪಿಸಬೇಕೆಂದು ಸಂಪಾದಕರನ್ನು ಕೇಳಿಕೊಳ್ಳುತ್ತೇನೆ. ಆಟ ಸಂಜೆ ಏಳಕ್ಕೆ. ಬಸ್ ಸ್ಟಾಪ್‌ನಿಂದ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಒಂದು ಜೊತೆ ತೊಳೆದ ಶೂ ಚೀಲದಲ್ಲಿ ಇಟ್ಟುಕೊಂಡು ಬರಲಿ.

ಇತಿ,
ತಿಪಟೂರಿನ ಹೆಣ್ಣುಮಗಳು
ವಿನಿಪೆಗ್, ಮನಿಟೋಬಾ, ಕೆನಡಾ